ಟ್ರಾನ್ಸಿಸ್ಟರಿನ ಹಿತ್ತಲ ಬಾಗಿಲು

ಮುಂಬಾಗಿಲಿಗೆ ಅಗಳಿ ಹಾಕಿ, ಹಿತ್ತಲ ಬಾಗಿಲನ್ನು ಮರೆತು ಮಲಗಿದ ಮನೆಯವರ ಕಥೆ ನಿಮಗೆ ಹೊಸದಲ್ಲ. ಸಿಲಿಕಾನಿನ ಒಂದು ಸಣ್ಣ ಚೂರಿನಲ್ಲಿಯೂ ಅಂಥದೊಂದು ಹಿತ್ತಲ ಬಾಗಿಲುಂಟು. ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಬ್ಯಾಟರಿಗೆ ಬೆಂಕಿ ಹತ್ತದಿರುವುದಕ್ಕೆ, ಆ ಬಾಗಿಲನ್ನು ಮರೆಯದವರು ಮಾಡಿದ ಏರ್ಪಾಡೂ ಒಂದು ಕಾರಣ.

ಮಾಸ್‌ಫೆಟ್ ಎಂಬ ಈ ಟ್ರಾನ್ಸಿಸ್ಟರನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮೊಹಮದ್ ಅಟಾಲ್ಲಾ, ಡಾವನ್ ಕಾಂಗ್ ಎಂಬ ಇಬ್ಬರು ಮಾಡಿ, 1960ರಲ್ಲಿ ಲೋಕದ ಮುಂದಿಟ್ಟರು. ಅದರ ಒಂದು ಬಗೆಯನ್ನು ನೋಡೋಣ. ಪಿ ಜಾತಿಯ ಸಿಲಿಕಾನಿನದೊಂದು ಒಡಲು. ಅದರಲ್ಲಿ ಅಕ್ಕಪಕ್ಕದಲ್ಲಿ ಎನ್ ಜಾತಿಯ ಎರಡು ದ್ವೀಪಗಳು. ನಡುವಣ ಜಾಗದ ಮೇಲೆ ಗಾಜಿನಂಥ ತೆಳುವಾದ ಪದರ. ಅದರ ಮೇಲೆ ಗೇಟು. ಗೇಟಿಗೆ ಸಾಕಷ್ಟು ಧನ ವೋಲ್ಟೇಜು ಕೊಟ್ಟಿರೋ, ಎಲೆಕ್ಟ್ರಾನುಗಳು ಆ ಪದರದ ಕೆಳಗೆ ನೆರೆದು ದ್ವೀಪದಿಂದ ದ್ವೀಪಕ್ಕೆ ಕಾಲುವೆಯಾಗುತ್ತವೆ. ವೋಲ್ಟೇಜು ತೆಗೆದರೆ ಕಾಲುವೆ ಬತ್ತುತ್ತದೆ. ಒಂದು ದ್ವೀಪಕ್ಕೆ ಸೋರ್ಸ್ ಎಂದು ಹೆಸರು, ಇನ್ನೊಂದಕ್ಕೆ ಡ್ರೇನ್. ಊಟೆ ಮತ್ತು ಮೋರಿ! ಹೆಸರಿಟ್ಟವರಿಗೆ ನೀರಿನ ನೆನಪು ಬಲವಾಗಿದ್ದಿರಬೇಕು.

ಇವೆರಡರಲ್ಲಿ ಊಟೆ ಯಾವುದು, ಮೋರಿ ಯಾವುದು? ರಚನೆಯಿಂದ ಹೇಳಲಾಗದು, ಅವು ಅವಳಿಗಳು. ಕಡಿಮೆ ವೋಲ್ಟೇಜಿನಲ್ಲಿರುವುದೇ ಸೋರ್ಸ್, ಏಕೆಂದರೆ ಎಲೆಕ್ಟ್ರಾನುಗಳು ಹೊರಡುವುದು ಅಲ್ಲಿಂದ. ವೋಲ್ಟೇಜನ್ನು ತಿರುವುಮುರುವು ಮಾಡಿದರೆ ಹೆಸರುಗಳೂ ಅದಲುಬದಲು. 4066 ಎಂಬ ಹಳೆಯ ಚಿಪ್ಪು ಧ್ವನಿಯ ಸಂಕೇತವನ್ನು ಎರಡು ಕಡೆಗೂ ಹಾಯಿಸುವುದು ಈ ಗುಣದಿಂದಲೇ.

ಆದರೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮಾಸ್‌ಫೆಟ್ಟಿಗೆ ಸಾಮಾನ್ಯವಾಗಿ ಮೂರೇ ಕಾಲು. ನಾಲ್ಕನೆಯದಾದ ಒಡಲು ಎಲ್ಲಿ ಹೋಯಿತು? ಅದನ್ನು ಒಳಗೇ ಸೋರ್ಸಿಗೆ ಬೆಸೆದಿರುತ್ತಾರೆ. ಇದು ಕಾಲು ಉಳಿಸುವ ಜಿಪುಣತನವಲ್ಲ. ಎನ್, ಪಿ, ಎನ್ ಎಂದು ಮೂರು ಪದರ ಸೇರಿದಲ್ಲಿ ಹಳೆಯ ಮಾದರಿಯ ಇನ್ನೊಂದು ಟ್ರಾನ್ಸಿಸ್ಟರು ತಾನೇ ತಾನಾಗಿ ಅಡಗಿ ಕುಳಿತಿರುತ್ತದೆ. ಒಡಲನ್ನು ಅತಂತ್ರವಾಗಿ ಬಿಟ್ಟರೆ ಅದು ಎದ್ದು ಕಾಟ ಕೊಡಬಹುದು. ಬೆಸುಗೆಯಿಂದ ಅದು ಮಲಗಿತು. ಅವಳಿತನವೂ ಅಲ್ಲಿಗೆ ಮುಗಿಯಿತು. ಒಡಲಿಗೂ ಡ್ರೇನಿಗೂ ನಡುವಣ ಸಂಧಿ ಮಾತ್ರ ಉಳಿದು, ಸೋರ್ಸಿನಿಂದ ಡ್ರೇನಿನ ಕಡೆಗೆ ಮಾತ್ರ ಪ್ರವಾಹ ಬಿಡುವ ಡಯೋಡಾಯಿತು. ಇದೇ ನಮ್ಮ ಹಿತ್ತಲ ಬಾಗಿಲು. ಡ್ರೇನಿನ ವೋಲ್ಟೇಜು ಮೇಲಿರುವಷ್ಟು ಹೊತ್ತು ಅದು ಮುಚ್ಚಿರುತ್ತದೆ. ಸೋರ್ಸಿಗಿಂತ ಸುಮಾರು 0.7 ವೋಲ್ಟು ಕೆಳಗಿಳಿಯಿತೋ, ಗೇಟಿನ ಅಪ್ಪಣೆ ಕೇಳದೆ ತೆರೆದುಕೊಳ್ಳುತ್ತದೆ.

ಈಗ ಬ್ಯಾಟರಿಗೆ ಬನ್ನಿ. ಮೊಬೈಲಿನ ಲಿಥಿಯಂ ಕೋಶವನ್ನು ಸಾಮಾನ್ಯವಾಗಿ ಸುಮಾರು 4.2 ವೋಲ್ಟಿನವರೆಗೆ ತುಂಬಬಹುದು. ಅದನ್ನು ಬಹಳ ಮೀರಿದರೆ ಅಪಾಯ. ತೀರ ಬರಿದಾಗಲೂ ಬಿಡಬಾರದು. ಕಾವಲಿಗೆ ಒಂದೇ ಮಾಸ್‌ಫೆಟ್ ಇಟ್ಟೆವೆಂದುಕೊಳ್ಳಿ. ಹೊರಹರಿವನ್ನು ತಡೆಯುವಂತೆ ಅದನ್ನು ಜೋಡಿಸಿದರೆ, ಒಳಹರಿವು ಡಯೋಡಿನ ಮೂಲಕ ನುಗ್ಗುತ್ತದೆ. ಗೇಟು ಮುಚ್ಚಿದೆ ಎಂದು ನಾವು ನಂಬಿದ್ದಾಗಲೇ ಕೋಶ ತುಂಬಿ ತುಳುಕಬಹುದು. ತಿರುಗಿಸಿ ಜೋಡಿಸಿದರೆ ಒಳಹರಿವು ನಿಲ್ಲುತ್ತದೆ, ಕೋಶವು ಬರಿದಾಗುವುದು ನಿಲ್ಲುವುದಿಲ್ಲ. ಹವ್ಯಾಸಕ್ಕೆಂದು ಸರ್ಕಿಟು ಕಟ್ಟುವ ತರುಣರು ಎಡವುವುದು ಇಲ್ಲಿಯೇ. ಗೇಟಿನ ತಂತಿಯನ್ನು ನೂರು ಸಲ ಪರೀಕ್ಷಿಸುತ್ತಾರೆ, ಡಯೋಡಿನ ಮುಖ ಯಾವ ಕಡೆಗಿದೆಯೆಂದು ನೋಡುವುದಿಲ್ಲ. ಟ್ರಾನ್ಸಿಸ್ಟರಿನ ಚಿಹ್ನೆಯಲ್ಲಿ ಅದನ್ನು ಬರೆದೇ ಇರುತ್ತಾರೆ.

ಉಪಾಯ ಇಷ್ಟೆ: ಎರಡು ಮಾಸ್‌ಫೆಟ್‌ಗಳನ್ನು ಒಂದರ ಡ್ರೇನಿಗೆ ಇನ್ನೊಂದರ ಡ್ರೇನು ಕೂಡಿಸಿ, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುವುದು. ಒಂದರ ಹಿತ್ತಲ ಬಾಗಿಲಿಗೆ ಇನ್ನೊಂದು ಕಾವಲು. ಬ್ಯಾಟರಿಯ ಹೊದಿಕೆಯೊಳಗಿನ ಪುಟ್ಟ ಫಲಕದಲ್ಲಿ ಇಂಥ ಜೋಡಿಯನ್ನು ಕಾಣಬಹುದು.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಕೋಶ ಬರಿದಾಗುತ್ತ ಬಂದಾಗ ಹೊರಹರಿವಿನ ಕಾವಲುಗಾರ ಗೇಟು ಮುಚ್ಚುತ್ತಾನೆ. ಡಯೋಡು ಇಲ್ಲದಿದ್ದರೆ ಆ ಮುಚ್ಚಿದ ದಾರಿಯಲ್ಲಿ ಮತ್ತೆ ತುಂಬಿಸುವುದು ಹೇಗೆ? ಆಗ ಒದಗಿ ಬರುವುದು ನಾವು ಇಷ್ಟು ಹೊತ್ತು ದೂರಿದ ಅದೇ ಡಯೋಡು. ಚಾರ್ಜರಿನ ಪ್ರವಾಹ ಅದರ ಮೂಲಕ ಕೋಶಕ್ಕೆ ಸೇರುತ್ತದೆ. ಸುಂಕ ಮಾತ್ರ ದುಬಾರಿ: 1 ಆಂಪಿಯರಿಗೆ ಸುಮಾರು 0.7 ವ್ಯಾಟು ಶಾಖವಾಗಿ ಪೋಲು. ಕೋಶ ಚೇತರಿಸಿಕೊಂಡೊಡನೆ ಗೇಟು ತೆರೆಯುತ್ತದೆ, ಪ್ರವಾಹ ಕಾಲುವೆಗೆ ಹೊರಳುತ್ತದೆ. ಕಾಲುವೆಗೆ ಎರಡು ದಿಕ್ಕೂ ಒಂದೇ ತಾನೆ? ಅದರ ರೋಧ 20 ಮಿಲಿಓಮ್ ಇದ್ದರೆ, ಅದೇ 1 ಆಂಪಿಯರಿಗೆ ತಗಲುವ ಸುಂಕ 0.02 ವ್ಯಾಟು.