ಹಾದಿ ಅಳಿಯದ ಪ್ರತಿ: ಸಮರೂಪ ಫೋಲ್ಡರ್‌ಗಳ ನಡುವೆ ಕಡತಗಳ ವರ್ಗಾವಣೆ

ಗಡಿಯಾಚೆಯ ಕನ್ನಡವನ್ನು ದಾಖಲಿಸುವವರ ಗಣಕಗಳಲ್ಲಿ ಸಾಮಾನ್ಯವಾಗಿ ಎರಡು ಫೋಲ್ಡರ್ ಶ್ರೇಣಿಗಳಿರುತ್ತವೆ. ಒಂದರಲ್ಲಿ ಧ್ವನಿಮುದ್ರಿಕೆಗಳು, ಇನ್ನೊಂದರಲ್ಲಿ ಅವುಗಳ ಬರಹರೂಪಗಳು. ಎರಡರ ಒಳವಿನ್ಯಾಸವೂ ಒಂದೇ: ಪ್ರದೇಶ, ಅದರೊಳಗೆ ಊರು, ಊರಿನೊಳಗೆ ನಿರೂಪಕರ ಸಂಕೇತ. ಬರಹಗಳನ್ನು ಆಯಾ ಧ್ವನಿಮುದ್ರಿಕೆಯ ಪಕ್ಕಕ್ಕೆ ಸೇರಿಸುವಾಗ ತೊಡಕು ಎದುರಾಗುತ್ತದೆ. ತಾಳವಾಡಿಯ ‘ಹಾಡು-1’ ಮತ್ತು ಅಕ್ಕಲಕೋಟೆಯ ‘ಹಾಡು-1’ ಹೆಸರಿನಲ್ಲಿ ಭಿನ್ನವಲ್ಲ. ಅವು ಇರುವ ಹಾದಿ ಮಾತ್ರ ಬೇರೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ಒಂದು ಮತ್ತೊಂದನ್ನು ಅಳಿಸಬಹುದು. ಉಳಿದದ್ದು ಯಾವ ಊರಿನದೆಂಬುದಕ್ಕೂ ಸಾಕ್ಷ್ಯ ಇರದು. ಇಲ್ಲಿ ಹಾದಿಯೇ ಆಕರಸೂಚಿ.

ಹಾದಿಯನ್ನು ಉಳಿಸಿಕೊಂಡು ಪ್ರತಿಮಾಡಲು ಲಿನಕ್ಸ್ ಹಾಗೂ ಮ್ಯಾಕ್ ಗಣಕಗಳ ಆದೇಶಸಾಲಿನಲ್ಲಿ ಬಳಕೆಯಲ್ಲಿರುವ ಸಾಧನ ‘ಆರ್‌ಸಿಂಕ್’. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ ಇದನ್ನು 1996ರಲ್ಲಿ ಹೊರತಂದರು. ವಿಂಡೋಸ್‌ನಲ್ಲಿ ಇಂಥದೇ ಕೆಲಸಕ್ಕೆ ‘ರೋಬೊಕಾಪಿ’ ಇದೆ. ಆರ್‌ಸಿಂಕ್ ಎರಡೂ ಕಡೆಯ ಕಡತಗಳ ಗಾತ್ರವನ್ನೂ ಕೊನೆಯ ಮಾರ್ಪಾಟಿನ ಸಮಯವನ್ನೂ ಹೋಲಿಸಿ, ವ್ಯತ್ಯಾಸವಿರುವುದನ್ನು ಮಾತ್ರ ಕಳುಹಿಸುತ್ತದೆ.

ಆದೇಶದಲ್ಲಿ ಮೊದಲು ಮೂಲ ಫೋಲ್ಡರನ್ನೂ ಆಮೇಲೆ ಗುರಿ ಫೋಲ್ಡರನ್ನೂ ಹೆಸರಿಸಬೇಕು. ಮೂಲದ ಹೆಸರಿನ ಕೊನೆಯಲ್ಲಿ ಓರೆಗೆರೆ ಇದ್ದರೆ ಅದರ ಒಳಗಿರುವುದಷ್ಟೇ ಗುರಿಯನ್ನು ಸೇರುತ್ತದೆ; ಇಲ್ಲದಿದ್ದರೆ ಆ ಫೋಲ್ಡರೇ ಗುರಿಯೊಳಗೆ ಹೊಸದಾಗಿ ಹುಟ್ಟಿ, ಎರಡು ಶ್ರೇಣಿಗಳ ಹೊಂದಾಣಿಕೆ ಒಂದು ಮೆಟ್ಟಿಲು ತಪ್ಪುತ್ತದೆ. ಬರಹದ ಕಡತಗಳು ಮಾತ್ರ ಬೇಕಿದ್ದರೆ ಮೂರು ನಿಯಮಗಳನ್ನು ಇದೇ ಕ್ರಮದಲ್ಲಿ ಕೊಡಬೇಕು: ಎಲ್ಲ ಫೋಲ್ಡರ್‌ಗಳನ್ನು ಒಳಗೊಳ್ಳು, ಬರಹದ ಕಡತಗಳನ್ನು ಒಳಗೊಳ್ಳು, ಉಳಿದುದನ್ನು ಬಿಡು. ಮೊದಲು ಹೊಂದಿದ ನಿಯಮವೇ ಅನ್ವಯವಾಗುವುದರಿಂದ, ‘ಬಿಡು’ ಎಂಬುದನ್ನು ಮುಂದಿಟ್ಟರೆ ಏನೂ ದಾಟದು.

ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ‘ಡ್ರೈ-ರನ್’ ಎಂಬ ತಾಲೀಮು: ಏನನ್ನೂ ಬದಲಿಸದೆ, ಏನು ನಡೆಯಲಿದೆಯೆಂದು ಅದು ಪಟ್ಟಿಮಾಡುತ್ತದೆ. ಎರಡನೆಯದು, ‘ಅಪ್‌ಡೇಟ್’ ಆಯ್ಕೆ: ಇದಿಲ್ಲದಿದ್ದರೆ ಮೂಲದ ಹಳೆಯ ಕರಡು, ಗುರಿಯಲ್ಲಿ ತಿದ್ದಿಟ್ಟ ಹೊಸ ಪಾಠವನ್ನು ಮುಚ್ಚಿಬಿಡಬಲ್ಲದು. ಮೂರನೆಯದು, ‘ಡಿಲೀಟ್’ ಆಯ್ಕೆಯನ್ನು ಇಲ್ಲಿ ಬಳಸಲೇಬಾರದು. ಅದು ಮೂಲದಲ್ಲಿಲ್ಲದುದನ್ನು ಗುರಿಯಿಂದ ಅಳಿಸುತ್ತದೆ. ಬರಹಗಳ ಶ್ರೇಣಿಯಲ್ಲಿ ಧ್ವನಿಮುದ್ರಿಕೆಗಳಿರುವುದಿಲ್ಲವಷ್ಟೆ. ಮೇಲಿನ ನಿಯಮಗಳನ್ನು ಕೊಡಲು ಮರೆತರೆ ನಿರೂಪಕರ ದನಿಯೇ ಹೋದಂತೆ.

ಫೋಲ್ಡರ್‌ಗಳಿಗೆ ಕನ್ನಡದಲ್ಲಿ ಹೆಸರಿಟ್ಟವರಿಗೆ ಇನ್ನೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ‘ಹೊಸೂರು’ ಪದದ ‘ಹೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ‘ನೀಲಗಿರಿ’ಯ ‘ನೀ’, ‘ಅಕ್ಕಲಕೋಟೆ’ಯ ‘ಕೋ’ ಕೂಡ ಹೀಗೆಯೇ. ಕಣ್ಣಿಗೆ ಒಂದೇ ಆದ ಹೆಸರು ಯಂತ್ರಕ್ಕೆ ಎರಡಾಗುತ್ತದೆ. ಮ್ಯಾಕ್‌ನ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್‌ಗೆ ಪ್ರತಿಮಾಡಿದಾಗ ಎರಡು ‘ಹೊಸೂರು’ಗಳು ಅಕ್ಕಪಕ್ಕ ನಿಲ್ಲಬಹುದು. ವರ್ಗಾವಣೆಗೆ ಮುನ್ನ ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ.

ಕೆಲಸ ಮುಗಿದ ಮೇಲೆ ‘ಅಪ್‌ಡೇಟ್’ ಆಯ್ಕೆಯಿಲ್ಲದೆ ತಾಲೀಮನ್ನು ಮತ್ತೊಮ್ಮೆ ನಡೆಸಬೇಕು. ಪಟ್ಟಿಯಲ್ಲಿ ಯಾವ ಕಡತವೂ ಕಾಣದಿದ್ದರೆ ಮೂಲದ ಬರಹಗಳೆಲ್ಲ ಗುರಿಯನ್ನು ಸೇರಿವೆ ಎಂದರ್ಥ. ಕಂಡುಬಂದವನ್ನು ಒಂದೊಂದಾಗಿ ತೆರೆದು ನೋಡುವುದು ಸಂಶೋಧಕರ ಕೆಲಸ. ಎರಡು ಪಾಠಗಳಲ್ಲಿ ಯಾವುದು ಸರಿಯೆಂಬ ನಿರ್ಣಯವನ್ನು ಯಂತ್ರ ಮಾಡಲಾರದು.