ಬೇಲಿಯೇ ಹೊಲ ಮೇಯ್ದ ಕಥೆ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಅಧಿಕಾರದಲ್ಲಿರುವವರನ್ನು ಕುರಿತು ಬಳಸುವುದುಂಟು. ಆದರೆ ಹಳೆಯ ಮದರಾಸು ಪ್ರಾಂತದ ಒಣಸೀಮೆಗಳಲ್ಲಿ ಈ ಗಾದೆ ಬರಿಯ ಮಾತಾಗಿ ಉಳಿಯದೆ ಅಕ್ಷರಶಃ ನಿಜವಾದ ಕಾಲವೊಂದಿತ್ತು. ದನಕರು ನುಗ್ಗದಿರಲೆಂದು ನೆಟ್ಟ ಪಾಪಾಸುಕಳ್ಳಿಯ ಬೇಲಿ ಬದುವನ್ನು ದಾಟಿ ಹೊಲಕ್ಕಿಳಿಯಿತು. ಹೊಲದಿಂದ ಗೋಮಾಳಕ್ಕೆ, ಗೋಮಾಳದಿಂದ ಊರ ಹಿತ್ತಲಿಗೆ ಹಬ್ಬಿತು. ಅದೇ ಕುಲದ ಇನ್ನೊಂದು ಕಳ್ಳಿ ಇಂದು ಮುಳ್ಳಿಲ್ಲದ ಮೈಯಲ್ಲಿ, ಮೇವಿನ ಬೆಳೆ ಎಂಬ ಹೊಸ ಹೆಸರಿನಿಂದ ರೈತನ ಬಾಗಿಲಿಗೆ ಬರುತ್ತಿದೆ. ಬರುವ ಅತಿಥಿಯ ಪೂರ್ವೋತ್ತರವನ್ನು ವಿಚಾರಿಸಿಕೊಂಡು ಒಳಗೆ ಕರೆಯುವುದು ಗೃಹಸ್ಥರಿಗೆ ಒಪ್ಪುವ ರೀತಿ. ಆ ವಿಚಾರಣೆಯನ್ನೇ ಇಲ್ಲಿ ಮಾಡಲಿದ್ದೇವೆ.

ಇತರ ಗಡಿಸೀಮೆಗಳ ವಾಚಕರಿಗಾಗಿ ನಮ್ಮ ನೆಲದ ಬಗೆಗೆ ಎರಡು ಮಾತು. ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದ ಉದಯದೊಂದಿಗೆ ಅನಂತಪುರ ಜಿಲ್ಲೆಯ ಪಾಲಾಯಿತು. ಅನಂತಪುರ ಜಿಲ್ಲೆಯಲ್ಲೇ ಇದ್ದ ಮಡಕಶಿರಾ 2022ರಲ್ಲಿ ಹೊಸದಾಗಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆಗಳ ಹೆಸರು ಬದಲಾದರೂ ಮಳೆಯ ಲೆಕ್ಕ ಬದಲಾಗಲಿಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಗರಿಯ ದಂಡೆಯಲ್ಲಿ, ಬೊಮ್ಮನಹಾಳು, ಕಣೇಕಲ್ಲುಗಳ ಕಡೆ, ಮರಳು ಗಾಳಿಗೆದ್ದು ಹೊಲಗಳ ಮೇಲೆ ದಿಬ್ಬ ಕಟ್ಟುತ್ತದೆ. ಇಂಥ ನೆಲದಲ್ಲಿ ನೀರನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುವ ಗಿಡಗಳಿಗೆ ಮರ್ಯಾದೆ ಸಲ್ಲುವುದು ಸಹಜವಾಗಿದೆ.

ಮೈ ದಪ್ಪನಾಗಿ ಮುಳ್ಳುಳ್ಳ ಇಂಥ ಗಿಡಗಳನ್ನು ನಾವು ಕಳ್ಳಿ ಎನ್ನುತ್ತೇವೆ. ನೆರೆಯ ತೆಲುಗರು ಜೆಮುಡು ಎನ್ನುತ್ತಾರೆ. ನಮ್ಮ ಎಲೆಗಳ್ಳಿ ಅವರಿಗೆ ಆಕುಜೆಮುಡು. ನಮ್ಮ ಪಾಪಾಸುಕಳ್ಳಿ ಅವರಿಗೆ ನಾಗಜೆಮುಡು. ಹೆಸರು ಒಂದಾದರೂ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇವೆರಡು ಬೇರೆ ಬೇರೆ ವಂಶದವು. ಎಲೆಗಳ್ಳಿ ಮತ್ತು ಅದರ ಬಳಗದ ಹಾಲುಗಳ್ಳಿಗಳು ಹರಳು ಗಿಡದ ವಂಶಕ್ಕೆ ಸೇರಿದವು. ಪಾಪಾಸುಕಳ್ಳಿಯಾದರೋ ಕ್ಯಾಕ್ಟಸ್ ವಂಶದ್ದು. ಈ ವಂಶದಲ್ಲಿ 1,500ಕ್ಕೂ ಮಿಕ್ಕ ಪ್ರಭೇದಗಳುಂಟು. ಆಫ್ರಿಕ ಮತ್ತು ಸಿಂಹಳಗಳಲ್ಲಿಯೂ ತಾನಾಗಿ ಬೆಳೆಯುವ ಒಂದೇ ಒಂದು ಪ್ರಭೇದವನ್ನು ಬಿಟ್ಟರೆ ಮಿಕ್ಕವುಗಳ ತವರೆಲ್ಲ ಅಮೆರಿಕ ಖಂಡಗಳೇ. ಆದುದರಿಂದ ಕೊಲಂಬಸನ 1492ರ ಯಾನಕ್ಕೆ ಹಿಂದಿನ ಕನ್ನಡದಲ್ಲಿ ಕಳ್ಳಿ ಎಂದರೆ ಅದು ಹಾಲುಗಳ್ಳಿಯೇ ಹೊರತು ಪಾಪಾಸುಕಳ್ಳಿಯಲ್ಲ.

ಈ ಭೇದವನ್ನು ಮಕ್ಕಳಿಗೆ ತಿಳಿಸುವುದು ಅಗತ್ಯ. ಹಾಲುಗಳ್ಳಿಯ ಹಾಲು ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಹಾಗೇನಾದರೂ ಆದಲ್ಲಿ ಕೂಡಲೇ ಧಾರಾಳವಾದ ಶುದ್ಧ ನೀರಿನಿಂದ ಕಣ್ಣನ್ನು ತೊಳೆದು ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ಲೋಳೆಯುಂಟು. ಗೀರಿ ನೋಡುವ ಅಗತ್ಯವೂ ಇಲ್ಲ. ಮುಳ್ಳುಗಳು ಪುಟ್ಟ ಮೆತ್ತೆಯಂಥ ಚುಕ್ಕೆಯಿಂದ ಗೊಂಚಲಾಗಿ ಹೊರಟಿದ್ದರೆ ಅದು ಕ್ಯಾಕ್ಟಸ್ ವಂಶವೆಂದು ತಿಳಿಯಬಹುದು. ಆ ಮೆತ್ತೆ ಬೇರೆ ಯಾವ ವಂಶಕ್ಕೂ ಇಲ್ಲ.

ಪಾಪಾಸು ಎಂದರೆ ಪಾದರಕ್ಷೆ. ಪಾರಸಿಯಿಂದ ಬಂದ ಮಾತು. ಚಪ್ಪಲಿಯ ಆಕಾರದ ಆ ಹಾಳೆಯನ್ನು ಎಲೆಯೆಂದು ಭ್ರಮಿಸುವವರೇ ಹೆಚ್ಚು. ಅದು ಕಾಂಡ, ಎಲೆಗಳ ಸ್ಥಾನವನ್ನು ಮುಳ್ಳುಗಳು ಹಿಡಿದಿವೆ. ಉಳಿದ ಗಿಡಗಳು ಹಗಲಿನಲ್ಲಿ ತಮ್ಮ ಸೂಕ್ಷ್ಮರಂಧ್ರಗಳನ್ನು ತೆರೆದು ಉಸಿರಾಡುತ್ತ ಬಿಸಿಲಿಗೆ ನೀರನ್ನು ಕಳೆದುಕೊಳ್ಳುತ್ತವೆ. ಕಳ್ಳಿಯಾದರೋ ಹಗಲಿನಲ್ಲಿ ಬಾಗಿಲಿಕ್ಕಿಕೊಂಡು, ತಂಪಾದ ರಾತ್ರಿಯಲ್ಲಿ ಅಂಗಾರಾಮ್ಲವನ್ನು ಒಳಗೆಳೆದು ಹುಳಿಯ ರೂಪದಲ್ಲಿ ಶೇಖರಿಸುತ್ತದೆ; ಬೆಳಗಾದ ಮೇಲೆ ಆ ಹುಳಿಯಿಂದ ಆಹಾರವನ್ನು ತಯಾರಿಸುತ್ತದೆ. ಈ ರಹಸ್ಯದ ಮೊದಲ ಸುಳಿವುಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ದೇಶದಲ್ಲಿಯೇ. ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೈನೆ ಎಂಬ ವಿದ್ವಾಂಸರು, ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿದ್ದು ಹೊತ್ತೇರಿದಂತೆ ಹುಳಿಯನ್ನು ಕಳೆದುಕೊಳ್ಳುವುದನ್ನು ಗಮನಿಸಿದರು. ಅವರ ಬರಹ 1815ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕಾಡುಬಸಳೆ ಬೇರೆ ವಂಶದ್ದಾದರೂ ನೀರುಳಿಸುವ ವಿದ್ಯೆ ಎರಡಕ್ಕೂ ಒಂದೇ.

ಪಾಪಾಸುಕಳ್ಳಿಗೆ ಇನ್ನೊಂದು ಗುಣವುಂಟು. ಕಡಿದೆಸೆದ ಹಾಳೆ ಬಿದ್ದಲ್ಲಿಯೇ ಬೇರು ಬಿಡುತ್ತದೆ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ನೀರಿಲ್ಲದೆ ಬದುಕುವುದು, ತುಂಡಿನಿಂದ ಮರಳಿ ಹುಟ್ಟುವುದು — ಈ ಎರಡು ಗುಣಗಳೇ ಅದನ್ನು ಒಳ್ಳೆಯ ಬೇಲಿಯನ್ನಾಗಿಸಿದವು. ಅದನ್ನು ಪೀಡೆಯನ್ನಾಗಿಸಿದವುಗಳೂ ಅವೇ.

ಕಳ್ಳಿಯನ್ನು ನಮ್ಮಲ್ಲಿ ಆಶ್ರಯಿಸಿದವರಲ್ಲಿ ಈಸ್ಟ್ ಇಂಡಿಯಾ ಕಂಪನಿಯೂ ಒಂದು. ಮೆಕ್ಸಿಕೋದ ಕಳ್ಳಿಯ ಮೇಲೆ ಬದುಕುವ ಒಂದು ಹುಳುವಿನಿಂದ ಕಡುಗೆಂಪು ಬಣ್ಣ ದೊರೆಯುತ್ತಿತ್ತು. ಅದರ ವ್ಯಾಪಾರ ಸ್ಪೇನ್ ದೇಶದ ಹಿಡಿತದಲ್ಲಿತ್ತು. ಆ ಲಾಭದ ಆಸೆಯಿಂದ ಮದರಾಸಿನ ವೈದ್ಯಾಧಿಕಾರಿ ಜೇಮ್ಸ್ ಆಂಡರ್ಸನ್ ಸೈದಾಪೇಟೆಯ ಬಳಿ ಕಳ್ಳಿಯ ತೋಟವನ್ನೇ ಬೆಳೆಸಿದರು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವನು ಬ್ರೆಜಿಲ್‌ನ ರಿಯೋ ಡಿ ಜನೈರೋ ಬಂದರಿನಿಂದ ಹುಳುವನ್ನು ಕಲ್ಕತ್ತೆಗೆ ತಂದನು. ತಂದದ್ದು ಉತ್ತಮ ಬಣ್ಣದ ಹುಳುವಲ್ಲ, ಅದರ ಕಾಡುಜಾತಿ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಆದರೆ ಆ ಹುಳು ಆಗ ಹರಡಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸತೊಡಗಿತು. 1865ಕ್ಕೆ ಮೊದಲೇ ಅದನ್ನು ಕಳ್ಳಿಯ ನಾಶಕ್ಕೆಂದೇ ಸಿಂಹಳಕ್ಕೂ ಒಯ್ಯಲಾಯಿತು. ಒಂದು ಜೀವಿಯಿಂದ ಇನ್ನೊಂದನ್ನು ಹತೋಟಿಗೆ ತರುವ ವಿದ್ಯೆಯ ಇತಿಹಾಸದಲ್ಲಿ ಇದು ಮೊದಲ ಪುಟಗಳಿಗೆ ಸೇರಿದ ಸಂಗತಿ.

ಆದರೆ ಹಳದಿ ಹೂವಿನ, ಗಡುಸು ಮುಳ್ಳಿನ ಇನ್ನೊಂದು ಪಾಪಾಸುಕಳ್ಳಿಯನ್ನು ಈ ಹುಳು ಮುಟ್ಟಲಿಲ್ಲ. ಒಣಸೀಮೆಗಳನ್ನು ಮುತ್ತಿದ್ದು ಈ ಕಳ್ಳಿಯೇ. ಕಡಿದರೆ ತುಂಡುಗಳು ಚಿಗುರಿದವು. ಪೊದೆಗಳು ಹಾವು, ಹಂದಿಗಳಿಗೆ ಮನೆಯಾದವು. ಕೊನೆಗೆ 1926ರಲ್ಲಿ ಬೇರೊಂದು ಜಾತಿಯ ಹುಳುವನ್ನು ಸಿಂಹಳದಿಂದ ಮದರಾಸು ಪ್ರಾಂತಕ್ಕೆ ತರಲಾಯಿತು. ಹಾಳೆಗಳ ಮೇಲೆ ಬಿಳಿಯ ಅರಳೆ ಮೆತ್ತಿದಂತೆ ಕಾಣುವ ಈ ಹುಳುವನ್ನು ಹಿಸುಕಿದರೆ ಕೈ ಕೆಂಪಾಗುತ್ತದೆ. ಕೆಲವೇ ವರ್ಷಗಳಲ್ಲಿ ದಟ್ಟ ಪೊದೆಗಳು ಕೊಳೆತು ನೆಲಕ್ಕೊರಗಿದವು. ಇಂದು ನಮ್ಮ ಬದುಗಳಲ್ಲಿ ಪಾಪಾಸುಕಳ್ಳಿ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದರೆ ಅದು ಆ ಹುಳುವಿನ ಉಪಕಾರ.

ಈಗ ವರ್ತಮಾನಕ್ಕೆ ಬರೋಣ. ಬ್ರೆಜಿಲ್‌ನ ಈಶಾನ್ಯದ ಬರಸೀಮೆಯಲ್ಲಿ ಮುಳ್ಳಿಲ್ಲದ ಕಳ್ಳಿಯನ್ನು ಮೇವಿಗಾಗಿ ವಿಸ್ತಾರವಾಗಿ ಬೆಳೆಯುತ್ತಾರೆ. 2022ರಿಂದ ನಮ್ಮ ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆಯೂ ಅದನ್ನು ಪಾಳುಭೂಮಿಗಳಲ್ಲಿ ಬೆಳೆಸಲು ಪ್ರೋತ್ಸಾಹ ನೀಡುತ್ತಿದೆ. ಬೇಸಗೆಯಲ್ಲಿ ದನಗಳಿಗೆ ಹುಲ್ಲೂ ಇಲ್ಲ, ನೀರೂ ಇಲ್ಲವೆಂದು ಮಾರಿಬಿಡುವ ಸಂಸಾರಗಳಿಗೆ ಇದು ಸಣ್ಣ ಆಸರೆಯಲ್ಲ. ಹಾಳೆಯಲ್ಲಿ ನೂರಕ್ಕೆ 85ರಿಂದ 90 ಪಾಲು ನೀರೇ ಇರುವುದರಿಂದ ಮೇವಿನೊಡನೆ ನೀರನ್ನೂ ಕೊಟ್ಟಂತಾಗುತ್ತದೆ. ಆದುದರಿಂದ ಹಳೆಯ ಭಯದಿಂದ ಇದನ್ನು ಬೇಡವೆನ್ನುವುದು ವಿವೇಕವಲ್ಲ. ಹಳೆಯದನ್ನು ಮರೆತು ನೆಡುವುದೂ ವಿವೇಕವಲ್ಲ.

ನೆಡುವವರು ಮೂರು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಇದರಲ್ಲಿ ಸಸಾರಜನಕದ ಅಂಶ ಕಡಮೆ. ಇದನ್ನೇ ಮೇಯಿಸಿದರೆ ದನ ಉಚ್ಚಿಕೊಂಡು ಸೊರಗುತ್ತದೆ. ಕತ್ತರಿಸಿ ಒಣಮೇವಿನೊಡನೆ, ಸಾಧ್ಯವಾದರೆ ಹಿಂಡಿಯೊಡನೆ ಬೆರೆಸಿ ಕೊಡಬೇಕು. ಎರಡನೆಯದಾಗಿ, ಮುಳ್ಳಿಲ್ಲದ ಗಿಡದ ಬೀಜದಿಂದ ಮುಳ್ಳಿನ ಸಂತಾನ ಹುಟ್ಟಬಹುದು. ಹಾಳೆಯಿಂದಲೇ ಬೆಳೆಸಿ, ಅಲ್ಲಲ್ಲಿ ತಾನಾಗಿ ಹುಟ್ಟಿದ ಸಸಿಗಳನ್ನು ಕಿತ್ತುಹಾಕತಕ್ಕದ್ದು. ಕತ್ತರಿಸಿದ ತುಂಡುಗಳನ್ನು ಹಳ್ಳಕೊಳ್ಳಗಳಿಗೆ ಎಸೆಯಲಾಗದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. 1926ರಲ್ಲಿ ತಂದ ಹುಳು ನಮ್ಮ ನಾಡಿನಲ್ಲಿ ಇನ್ನೂ ಜೀವಂತವಾಗಿದೆ. ಅದೇ ಜಾತಿಯ ಹುಳು 2014ರಲ್ಲಿ ಮೊರಾಕೋ ದೇಶದಲ್ಲಿ ಕಾಣಿಸಿಕೊಂಡು ಅಲ್ಲಿಯ ರೈತರ ಕಳ್ಳಿತೋಟಗಳನ್ನು ಹಾಳುಮಾಡಿತು. ಅವರೀಗ ಹುಳುವನ್ನು ತಾಳಿಕೊಳ್ಳುವ ತಳಿಗಳನ್ನು ಆರಿಸಿ ನೆಡುತ್ತಿದ್ದಾರೆ. ನಮ್ಮ ಅಜ್ಜಂದಿರಿಗೆ ಮಿತ್ರನಾಗಿದ್ದ ಹುಳು ನಮ್ಮ ಮಕ್ಕಳ ಮೇವಿಗೆ ಶತ್ರುವಾಗಬಹುದು. ಹಾಳೆ ತರುವ ಮುನ್ನ ಇದು ಹುಳು ತಾಳುವ ತಳಿಯೇ ಎಂದು ಕೃಷಿ ಇಲಾಖೆಯವರನ್ನು ಕೇಳುವುದು ರೈತನ ಹಕ್ಕು. ಮೊದಲ ವರ್ಷ ಹತ್ತಿಪ್ಪತ್ತು ಹಾಳೆಗಳನ್ನಷ್ಟೇ ನೆಟ್ಟು, ಬಿಳಿಯ ಅರಳೆ ಕಾಣುವುದೋ ಎಂದು ವಾರಕ್ಕೊಮ್ಮೆ ನೋಡುವುದು ಲೇಸು. ಕಂಡ ಹಾಳೆಯನ್ನು ಕೂಡಲೇ ಕತ್ತರಿಸಿ ಸುಡಬೇಕು. ಈ ಕೆಲಸವನ್ನು ಮನೆಯ ಹಿರಿಯ ಮಕ್ಕಳಿಗೆ ವಹಿಸಿದರೆ ಬೆಳೆಗೂ ಕಾವಲಾಯಿತು, ಅವರಿಗೆ ಒಂದು ಪಾಠವೂ ಆಯಿತು.