ಮನೆ ಬದಲಾವಣೆ: ಮೊದಲು ಶಾಲೆ, ಬಳಿಕ ಸಾಮಾನು

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿರುವ ಕುಟುಂಬಗಳಿಗೆ ಮನೆ ಬದಲಿಸಲು ಮೇ ತಿಂಗಳ ಮಧ್ಯಭಾಗವೇ ಅನುಕೂಲ. ಜೂನ್ ಆರಂಭದಲ್ಲಿ ಮುಂಗಾರು ಮಳೆಯೂ ಶಾಲಾರಂಭವೂ ಜೊತೆಯಾಗಿಯೇ ಬರುತ್ತವೆ. ನೆನೆದ ಹಾಸಿಗೆಗಳನ್ನು ಒಣಗಿಸುತ್ತ ಮಗುವಿನ ಪ್ರವೇಶಕ್ಕಾಗಿ ಅಲೆಯುವ ಪಾಡು ಯಾರಿಗೂ ಬೇಡ.

ಬಾಡಿಗೆಯ ಮುಂಗಡ ಕೊಡುವ ಮುನ್ನವೇ ಹೊಸ ಊರಿನ ಶಾಲೆಗೆ ಹೋಗಿ, ಮಗುವಿನ ತರಗತಿಗೆ ಕನ್ನಡ ವಿಭಾಗವಿದೆಯೇ ಎಂದು ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಬೇಕು. ಒಂದೇ ಶಾಲೆಯಲ್ಲಿ ಮಲಯಾಳ, ಕನ್ನಡ ವಿಭಾಗಗಳೆರಡೂ ಇರುವುದುಂಟು; ಹೊರಗಿನಿಂದ ತಿಳಿಯದು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯನ್ನು ಆಧರಿಸಿ ಅಧ್ಯಾಪಕ ಹುದ್ದೆಗಳನ್ನು ನಿಗದಿಪಡಿಸುತ್ತಾರೆ. ಮಕ್ಕಳು ಕಡಿಮೆಯಿರುವ ಕನ್ನಡ ವಿಭಾಗಕ್ಕೆ ಆ ದಿನ ಒಂದು ಹೆಸರು ತಪ್ಪಿದರೂ ನಷ್ಟವೇ. ವರ್ಗಾವಣೆ ಪತ್ರ ತಡವಾದರೆ ಎದೆಗುಂದಬೇಕಿಲ್ಲ. ಎಂಟನೆಯ ತರಗತಿಯವರೆಗೆ ಸರಕಾರಿ, ಅನುದಾನಿತ ಶಾಲೆಗಳು ಆ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ.

ವರ್ಗಾವಣೆ ಪತ್ರ, ಪಡಿತರ ಚೀಟಿ, ಆಧಾರ್, ಬಾಡಿಗೆ ಕರಾರು ಇವೆಲ್ಲ ಒಂದೇ ಚೀಲದಲ್ಲಿ ಕೈಯಲ್ಲಿಯೇ ಇರಲಿ, ಲಾರಿಗೆ ಏರುವುದು ಬೇಡ. ಪುಸ್ತಕಗಳನ್ನು ಸಣ್ಣ ಪೆಟ್ಟಿಗೆಗಳಲ್ಲಿ ತುಂಬಬೇಕು; ದೊಡ್ಡ ಪೆಟ್ಟಿಗೆ ತುಂಬಿದವರಿಗೆ ಎತ್ತುವಾಗಲೇ ಅದರ ಭಾರ ತಿಳಿಯುತ್ತದೆ. ಪಾತ್ರೆಗಳಿಗೆ ಮನೆಯ ಹಳೆಯ ಸೀರೆ, ಪಂಚೆಗಳೇ ಸಾಕು.

ಗೃಹೋಪಯೋಗಿ ಸಾಮಾನನ್ನು ಮನೆಯವರೇ ಇಳಿಸಿಕೊಳ್ಳಬಹುದು. ಸುಮ್ಮನೆ ನೋಡುತ್ತ ನಿಂತವರು ಕೇಳುವ ‘ನೋಕ್ಕುಕೂಲಿ’ಯನ್ನು ಕೇರಳ ಸರಕಾರ 2018ರ ಮೇ 1ರಿಂದ ನಿಷೇಧಿಸಿದೆ. ಕೆಲಸಗಾರರನ್ನು ಕರೆಯುವುದಾದರೆ ಲಾರಿ ಹೊರಡುವ ಮೊದಲೇ ಕೂಲಿಯನ್ನು ಮಾತನಾಡಿಕೊಳ್ಳಬೇಕು.